ಲಂಟಾನ ಕಡಿದರೂ ಮತ್ತೆ ಚಿಗುರುತ್ತೆ, ಏನು ಮಾಡೋದು?

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಒಬ್ಬ ಓದುಗರು ಬೇಲಿಗೆ ಲಂಟಾನ ನೆಡಬಹುದಾ ಎಂದು ಕೇಳಿದ್ದರು. ಹೂವು ಚಂದ, ಆದರೆ ದಯವಿಟ್ಟು ಬೇಡ ಎಂದು ಚಿಕ್ಕದಾಗಿ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಅಷ್ಟು ಸಾಕಾಗಲಿಲ್ಲ ಅನ್ನಿಸಿತು. ಕೆಲವರಿಗೆ ಬೇಜಾರಾಗಿದೆ, ಕೆಲವರಿಗೆ ಇನ್ನೂ ಜಾಸ್ತಿ ತಿಳಿಯಬೇಕಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಹೊರಗಿನಿಂದ ಬಂದು ಹಬ್ಬುವ ಗಿಡ, ಪ್ರಾಣಿಗಳಿಗೇ ಮೀಸಲು. ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು: ಜೀವಶಾಸ್ತ್ರ ಪಾಠ ಮಾಡಿಕೊಂಡಿದ್ದವಳು ನಾನು. ಹನ್ನೊಂದು ವರ್ಷದಿಂದ ಆರೇಳು ಗೆಳೆಯರ ಜೊತೆ ಒಂದು ಕುರುಚಲು ಕಾಡಿನ ಅಂಚಿನಲ್ಲಿ ಲಂಟಾನ ಕೀಳುತ್ತಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಲಂಟಾನ ಗಿಡದ ತುಂಬ ಚಿಟ್ಟೆಗಳು. ಹಣ್ಣು ತಿನ್ನೋಕೆ ಹಕ್ಕಿಗಳೂ ಬರುತ್ತವೆ. ಇಷ್ಟು ಜೀವಿಗಳಿಗೆ ಊಟ ಹಾಕುವ ಗಿಡವನ್ನು ಕೆಟ್ಟದ್ದು ಅಂತೀರಲ್ಲ ಮೇಡಂ? – ಕೈತೋಟ ಪ್ರಿಯೆ

ಉತ್ತರ: ನೀವು ನೋಡಿದ್ದು ನಿಜವೇ. ಲಂಟಾನ ಹೂವಿನ ಮಕರಂದಕ್ಕೆ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ನಾನೂ ಎಷ್ಟೋ ಸಲ ಕೆಲಸ ನಿಲ್ಲಿಸಿ ನೋಡುತ್ತಾ ನಿಂತಿದ್ದೇನೆ. ಆದರೆ ಅಲ್ಲಿ ಬರುವುದು ರೆಕ್ಕೆ ಬಂದ ಚಿಟ್ಟೆ ಮಾತ್ರ. ಅದು ಮೊಟ್ಟೆ ಇಡಲು ಎಲ್ಲಿಗೆ ಹೋಗುತ್ತೆ ಅಂತ ಗಮನಿಸಿದ್ದೀರಾ? ಬಹಳಷ್ಟು ಚಿಟ್ಟೆಗಳ ಮರಿಹುಳು ಒಂದೋ ಎರಡೋ ಜಾತಿಯ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕೆಲವಕ್ಕೆ ನಿಂಬೆ ಜಾತಿಯ ಎಲೆಯೇ ಬೇಕು, ಕೆಲವಕ್ಕೆ ಎಕ್ಕದಂಥ ಹಾಲು ಬರುವ ಗಿಡವೇ ಬೇಕು. ಲಂಟಾನ ಒತ್ತಾಗಿ ಬೆಳೆದ ಕಡೆ ಆ ಗಿಡಗಳ ಸಸಿಗಳು ಮೇಲೇಳುವುದೇ ಇಲ್ಲ. ಬಂದವರಿಗೆ ಪಾನಕ ಸಿಗುತ್ತೆ, ಮಕ್ಕಳಿಗೆ ಊಟ ಇಲ್ಲ. ಹಾಗಾಗಿದೆ ಅಲ್ಲಿನ ಸ್ಥಿತಿ.

ಒಂದು ಕೆಲಸ ಮಾಡಿ. ದೊಡ್ಡ ಲಂಟಾನ ಪೊದೆ ಸಿಕ್ಕಿದರೆ ಹೂವು ನೋಡುವುದನ್ನು ಬಿಟ್ಟು ಮಂಡಿಯೂರಿ ಬುಡದಲ್ಲಿ ಇಣುಕಿ ನೋಡಿ. ಮೊದಲ ಸಲ ನಾನು ಹಾಗೆ ನೋಡಿದಾಗ ಬೆಚ್ಚಿದ್ದೆ. ಒಳಗೆ ಕತ್ತಲೆ. ಒಣ ಕಡ್ಡಿಗಳು, ಉದುರಿದ ಎಲೆ, ಬರೀ ಮಣ್ಣು. ಒಂದು ಎಸಳು ಹುಲ್ಲಿಲ್ಲ. ಎರಡು ಹೆಜ್ಜೆ ಆಚೆ, ಲಂಟಾನ ಇಲ್ಲದ ಕಡೆ ಅಂಗೈಯಗಲ ಜಾಗದಲ್ಲಿ ಐದಾರು ಬಗೆಯ ಸಸಿಗಳಿದ್ದವು. ನೆರಳೊಂದೇ ಇದಕ್ಕೆ ಕಾರಣ ಅಲ್ಲ. ಲಂಟಾನದ ಎಲೆ, ಬೇರುಗಳಿಂದ ಮಣ್ಣಿಗೆ ಸೇರುವ ಕೆಲವು ರಾಸಾಯನಿಕಗಳು ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತವೆ. ಎಲೆಯಲ್ಲಿರುವ ವಿಷ ದನಕರುಗಳ ಲಿವರ್ ಕೆಡಿಸುತ್ತದೆ. ಆಮೇಲೆ ಬಿಸಿಲಿಗೆ ಹೋದರೂ ಅವುಗಳ ಚರ್ಮ ಸುಟ್ಟ ಹಾಗಾಗುತ್ತದೆ. ಹಾಗಾಗಿ ಮೇಯುವ ಪ್ರಾಣಿಗಳು ಲಂಟಾನವನ್ನು ಬಿಟ್ಟು ಪಕ್ಕದ ಹುಲ್ಲನ್ನು ತಿಂದು ಮುಗಿಸುತ್ತವೆ. ಅದರಿಂದ ಲಂಟಾನಕ್ಕೆ ಇನ್ನಷ್ಟು ಜಾಗ.

ಹಕ್ಕಿಗಳು ಹಣ್ಣು ತಿನ್ನುವುದೂ ಸರಿಯೇ. ಹೀಗೆ ತಿಂದ ಹಕ್ಕಿಯೇ ಬೀಜವನ್ನು ದೂರ ಸಾಗಿಸುತ್ತದೆ. ನಿಮ್ಮ ಬೇಲಿಯ ಒಂದು ಗಿಡದ ಹಣ್ಣು ಎಲ್ಲಿ ಉದುರುತ್ತದೋ ನಿಮ್ಮ ಕೈಯಲ್ಲಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡವನ್ನು ಜನ ಹಡಗಿನಲ್ಲಿ ಊರೂರಿಗೆ ಒಯ್ದಿದ್ದೇ ಹೂವು ಚಂದ ಅಂತ. ತೋಟಕ್ಕೆಂದು ಬಂದದ್ದು ಈಗ ಭಾರತ, ಆಫ್ರಿಕಾ, ಆಸ್ಟ್ರೇಲಿಯಾಗಳ ಕಾಡಿನೊಳಗೆ ಕೂತಿದೆ.

ಪ್ರಶ್ನೆ: ತನ್ನ ಜಾಗದಲ್ಲಿ ಸುಮ್ಮನಿದ್ದ ಜೀವಿ ಬೇರೆ ಕಡೆ ಹೋದ ಕೂಡಲೇ ಯಾಕೆ ಹೀಗೆ ಹಬ್ಬುತ್ತದೆ? ಅಲ್ಲಿ ಏನು ಬದಲಾಗುತ್ತದೆ? – ಪಿಯುಸಿ ವಿದ್ಯಾರ್ಥಿನಿ

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಜೀವಿ ಬದಲಾಗುವುದು ಕಡಿಮೆ, ಅದರ ಸುತ್ತಲಿನವರು ಬದಲಾಗುತ್ತಾರೆ. ಪ್ರತಿ ಗಿಡಕ್ಕೂ ಅದರ ನೆಲದಲ್ಲಿ ಎಲೆ ತಿನ್ನುವ ಹುಳ, ಬೀಜ ಕೊರೆಯುವ ಕೀಟ, ಬೇರಿಗೆ ಬರುವ ರೋಗ ಅಂತ ಹತ್ತಾರು ಕಾಟ ಇರುತ್ತದೆ. ಸಾವಿರಾರು ವರ್ಷ ಜೊತೆಗೇ ಬದುಕಿದವರು ಅವರೆಲ್ಲ. ಬೀಜ ಹಡಗು ಹತ್ತಿದಾಗ ಇವರು ಯಾರೂ ಹತ್ತುವುದಿಲ್ಲ. ಹೊಸ ಜಾಗದ ಕೀಟಗಳಿಗೆ ಆ ಗಿಡದ ರುಚಿ ಗೊತ್ತಿಲ್ಲ. ತಡೆಯುವವರು ಇಲ್ಲದ ಮೇಲೆ ಅದು ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡು. ಹೊಸ ಬೇಟೆಗಾರ ಬಂದರೆ ಅಲ್ಲಿಯ ಪ್ರಾಣಿಗಳಿಗೆ ಹೆದರುವುದೇ ಗೊತ್ತಿರುವುದಿಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಕಥೆ ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಹಡಗಿನ ಸರಕಿನೊಳಗೆ ಅಡಗಿ ಕಂದು ಮರಹಾವು ಅಲ್ಲಿಗೆ ತಲುಪಿತು. ಮರ ಹತ್ತಿ ಗೂಡಿನ ಮೊಟ್ಟೆ, ಮರಿ ತಿನ್ನುವ ಹಾವು ಅದು. ಅಂಥ ಶತ್ರುವನ್ನು ಅಲ್ಲಿಯ ಹಕ್ಕಿಗಳು ಯಾವತ್ತೂ ಕಂಡಿರಲಿಲ್ಲ. ಕಾಡಿನಲ್ಲಿ ಹಕ್ಕಿಗಳು ಕಡಿಮೆಯಾದಾಗ ಮೊದಲು ಯಾವುದೋ ರೋಗ ಇರಬೇಕು, ಕೀಟನಾಶಕ ಇರಬೇಕು ಎಂದುಕೊಂಡರು. ಹಾವೇ ಕಾರಣ ಎಂದು ಜೂಲಿ ಸ್ಯಾವಿಡ್ಜ್ ಎಂಬ ವಿಜ್ಞಾನಿ 1987ರಲ್ಲಿ ತೋರಿಸುವಷ್ಟರಲ್ಲಿ ತಡವಾಗಿತ್ತು. ಅಲ್ಲಿಯ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಆ ದ್ವೀಪದಿಂದ ಕಾಣೆಯಾದವು.

ಅಷ್ಟಕ್ಕೇ ನಿಲ್ಲಲಿಲ್ಲ. ಹಕ್ಕಿ ಹೋದ ಮೇಲೆ ಜೇಡಗಳು ಹೆಚ್ಚಾದವು. ಮಳೆಗಾಲದಲ್ಲಿ ಪಕ್ಕದ ದ್ವೀಪಗಳಿಗಿಂತ 40 ಪಟ್ಟು ಜಾಸ್ತಿ ಜೇಡ ಎಣಿಸಿದ್ದಾರೆ. ಹಣ್ಣು ತಿಂದು ಬೀಜ ಎಸೆಯುವ ಹಕ್ಕಿಗಳಿಲ್ಲದೆ ಬೀಜಗಳು ತಾಯಿಮರದ ಬುಡದಲ್ಲೇ ಬೀಳುತ್ತಿವೆ. ಕಾಡಿನಲ್ಲಿ ಮರ ಬಿದ್ದು ಬಯಲಾದ ಜಾಗಕ್ಕೆ ಹೊಸ ಸಸಿಗಳು ಮೊದಲಿನಂತೆ ಬರುತ್ತಿಲ್ಲ. ಒಂದು ಹಾವು, ಅದರಿಂದ ಹಕ್ಕಿ, ಹಕ್ಕಿಯಿಂದ ಮರ. ಹಾವು ಮರವನ್ನು ಮುಟ್ಟಿಯೂ ನೋಯಿಸಿಲ್ಲ, ಆದರೂ ಕಾಡು ಸೊರಗುತ್ತಿದೆ. ಗುವಾಮ್‌ನ ಮಿಂಚುಳ್ಳಿಗಳಲ್ಲಿ ಉಳಿದ ಕೆಲವನ್ನು 1980ರ ದಶಕದಲ್ಲಿ ಹಿಡಿದು ಮೃಗಾಲಯಗಳಲ್ಲಿ ಸಾಕಿದರು. ಅವುಗಳ ಸಂತತಿಯ ಒಂಬತ್ತು ಹಕ್ಕಿಗಳನ್ನು 2024ರಲ್ಲಿ ಹಾವಿಲ್ಲದ ಪಲ್ಮೈರಾ ಎಂಬ ಬೇರೊಂದು ದ್ವೀಪದಲ್ಲಿ ಹೊರಗೆ ಬಿಟ್ಟಿದ್ದಾರೆ. ಅವುಗಳ ಸ್ವಂತ ಕಾಡಿಗೆ ಮರಳುವ ಕಾಲ ಇನ್ನೂ ಬಂದಿಲ್ಲ.

ಪ್ರಶ್ನೆ: ಹೊರಗಿನಿಂದ ಬಂದದ್ದನ್ನೆಲ್ಲ ಓಡಿಸಬೇಕು ಅನ್ನುವುದಾದರೆ ಮೆಕ್ಕೆಜೋಳ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವನ್ನೂ ಓಡಿಸಬೇಕಲ್ಲವೇ? ಅವೂ ಅಮೆರಿಕದಿಂದ ಬಂದವೇ. – ನಿವೃತ್ತ ಶಿಕ್ಷಕ

ಉತ್ತರ: ಖಂಡಿತ ಬೇಡ ಸರ್. ಮೆಕ್ಕೆಜೋಳವನ್ನು ಹೊಲದಲ್ಲಿ ಬಿಟ್ಟು ನೋಡಿ, ಮನುಷ್ಯರ ಆರೈಕೆ ಇಲ್ಲದೆ ಅದಕ್ಕೆ ಬದುಕುವುದೇ ಕಷ್ಟ. ಹೊಸ ಜಾಗಕ್ಕೆ ಬಂದ ಜೀವಿಗಳಲ್ಲಿ ಬಹುಪಾಲು ಹೀಗೆಯೇ, ಯಾರಿಗೂ ತೊಂದರೆ ಕೊಡದೆ ಇರುತ್ತವೆ. ಐಪಿಬಿಇಎಸ್ ಎಂಬ ಅಂತರಸರ್ಕಾರಿ ವೇದಿಕೆಯ 2023ರ ವರದಿ ಹೇಳುವಂತೆ, ಮನುಷ್ಯರು ಬೇರೆಡೆಗೆ ಸಾಗಿಸಿ ನೆಲೆಯೂರಿದ ಜೀವಿಗಳು 37,000ಕ್ಕೂ ಹೆಚ್ಚು. ಅದರಲ್ಲಿ ಹಾನಿ ಮಾಡುತ್ತಿರುವವು ಸುಮಾರು 3,500. ಅಂದರೆ ಹತ್ತರಲ್ಲಿ ಒಂದು. ಆದರೆ ಆ ಒಂದು ಭಾಗವೇ, ದಾಖಲಾಗಿರುವ ಗಿಡ, ಪ್ರಾಣಿಗಳ ಅಳಿವುಗಳಲ್ಲಿ ಶೇಕಡಾ 60ರಷ್ಟಕ್ಕೆ ಒಂದು ಕಾರಣವಾಗಿದೆ ಎಂದೂ ಅದೇ ವರದಿ ಹೇಳುತ್ತದೆ.

ಇನ್ನೊಂದು ಮಾತು. ನಮಗೆ ದಿನಾ ಕಾಣುವ ಕಾಗೆ ಮತ್ತು ಗೊರವಂಕ ಇವೆಯಲ್ಲ, ಇವೇ ಬೇರೆ ಕಡೆ ಹಾವಳಿ ಮಾಡುತ್ತಿವೆ. ಹುಳ ತಿನ್ನಲಿ ಎಂದು ಗೊರವಂಕವನ್ನು 1862ರಲ್ಲಿ ಮೆಲ್ಬರ್ನ್‌ಗೆ ಒಯ್ದರು. ಈಗ ಅದು ಅಲ್ಲಿಯ ಹಕ್ಕಿಗಳ ಪೊಟರೆಗಳನ್ನು ಕಿತ್ತುಕೊಳ್ಳುತ್ತದೆ. ಕೀನ್ಯಾದಲ್ಲಿ 2024ರಲ್ಲಿ ಹತ್ತು ಲಕ್ಷ ಊರಕಾಗೆಗಳನ್ನು ಕೊಲ್ಲುವ ಯೋಜನೆ ಹಾಕಿಕೊಂಡರು. ಯಾವ ಜೀವಿಯೂ ಹುಟ್ಟಿನಿಂದ ದುಷ್ಟ ಅಲ್ಲ. ಹಾಗೆಯೇ, ಈ ಮಾತುಗಳನ್ನು ವಲಸೆ ಬಂದ ಮನುಷ್ಯರಿಗೆ ಅಂಟಿಸುವವರನ್ನು ಕಂಡರೆ ನನಗೆ ತುಂಬಾ ನೋವಾಗುತ್ತದೆ. ನಿಮ್ಮ ಪತ್ರದಲ್ಲೂ ಅದೇ ಆತಂಕ ಇದ್ದ ಹಾಗಿತ್ತು. ದಯವಿಟ್ಟು ಎರಡನ್ನೂ ಒಂದಕ್ಕೊಂದು ಸೇರಿಸಬೇಡಿ ಅಂತ ನಿಮ್ಮ ಮಕ್ಕಳಿಗೂ ಹೇಳಿ.

ಪ್ರಶ್ನೆ: ಶತ್ರು ಇಲ್ಲದ್ದಕ್ಕೇ ಹಬ್ಬುತ್ತದೆ ಅಂದರೆ, ಆ ಶತ್ರುವನ್ನೇ ತಂದು ಬಿಟ್ಟರೆ ಮುಗಿಯಿತಲ್ಲ? – ರೈತ ಓದುಗ

ಉತ್ತರ: ಕೆಲವು ಸಲ ಮುಗಿದಿದೆ. ಕೆಲವು ಸಲ ಹೊಸ ಕಷ್ಟ ಶುರುವಾಗಿದೆ. ವ್ಯತ್ಯಾಸ ಎಲ್ಲಿದೆ ಅಂತ ನಾಲ್ಕು ಉದಾಹರಣೆಯಲ್ಲಿ ಹೇಳುತ್ತೇನೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಬ್ಬಿಗೆ ಜೀರುಂಡೆ ಕಾಟ ಇತ್ತು. 1935ರಲ್ಲಿ ಹವಾಯಿಯಿಂದ ಸುಮಾರು ನೂರು ಕೇನ್ ಕಪ್ಪೆ ತಂದರು. ಜೀರುಂಡೆ ಕಬ್ಬಿನ ಮೇಲ್ಭಾಗದಲ್ಲಿ, ಅದರ ಮರಿಹುಳು ಮಣ್ಣಿನೊಳಗೆ. ಕಪ್ಪೆ ನೆಲದ ಮೇಲೆ. ಎರಡೂ ಅದಕ್ಕೆ ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದನ್ನೆಲ್ಲ ತಿಂದು, ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆ ಇಟ್ಟು ಹಬ್ಬಿತು. ಭುಜದ ಹಿಂದಿನ ಗ್ರಂಥಿಯಲ್ಲಿ ವಿಷ. ಅದನ್ನು ನುಂಗಿದ ಉಡ, ಹಾವು, ಕ್ವೋಲ್ ಎಂಬ ಬೆಕ್ಕಿನಷ್ಟೇ ದೊಡ್ಡ ಬೇಟೆಗಾರ ಪ್ರಾಣಿ ಎಲ್ಲ ಸಾಯತೊಡಗಿದವು. ಈಗ ವಿಜ್ಞಾನಿಗಳು ಕ್ವೋಲ್‌ಗಳಿಗೆ ವಾಕರಿಕೆ ತರಿಸುವ ಮದ್ದು ಬೆರೆಸಿದ ಕಪ್ಪೆ ಮಾಂಸ ತಿನ್ನಿಸಿ, ಕಪ್ಪೆ ಕಂಡರೆ ದೂರ ಹೋಗುವುದನ್ನು ಕಲಿಸುತ್ತಿದ್ದಾರೆ. ರಾಕಾಲಿ ಎಂಬ ನೀರಿಲಿ ಮಾತ್ರ ತಾನೇ ದಾರಿ ಕಂಡುಕೊಂಡಿದೆ. ಕಪ್ಪೆಯನ್ನು ಅಂಗಾತ ಮಾಡಿ ಎದೆ ಸೀಳಿ, ವಿಷ ಇರುವ ಭಾಗ ಬಿಟ್ಟು ಹೃದಯ, ಲಿವರ್ ಮಾತ್ರ ತಿನ್ನುತ್ತದೆ. ಇದನ್ನು ಓದಿದ ದಿನ ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ.

ಮುಂಗುಸಿಯದ್ದೂ ಇದೇ ಪಾಡು. ವಿಷದ ಹಾವುಗಳನ್ನು ಹಿಡಿಯಲಿ ಎಂದು 1979ರಲ್ಲಿ ಜಪಾನಿನ ಅಮಾಮಿ ಓಶಿಮಾ ದ್ವೀಪದಲ್ಲಿ ಸುಮಾರು 30 ಮುಂಗುಸಿ ಬಿಟ್ಟರು. ಮುಂಗುಸಿ ಹಗಲು ಓಡಾಡುತ್ತದೆ, ಆ ಹಾವು ರಾತ್ರಿ. ಹಾವು ತಪ್ಪಿಸಿಕೊಂಡಿತು, ಅಲ್ಲಿಯ ಅಪರೂಪದ ಕಪ್ಪು ಮೊಲ ಬಲಿಯಾಯಿತು. ಕೊನೆಯ ಮುಂಗುಸಿ ಹೋಯಿತು ಎಂದು ಘೋಷಿಸಿದ್ದು 2024ರಲ್ಲಿ. ಬಿಟ್ಟು 45 ವರ್ಷದ ಮೇಲೆ!

ಇನ್ನು ಗೆದ್ದದ್ದು. ಆಸ್ಟ್ರೇಲಿಯಾದಲ್ಲೇ ಪಾಪಾಸುಕಳ್ಳಿ ಕೋಟಿಗಟ್ಟಲೆ ಎಕರೆ ನುಂಗಿತ್ತು. ರೈತರು ಜಮೀನು ಬಿಟ್ಟು ಹೋಗಿದ್ದರು. 1925ರಲ್ಲಿ ಅರ್ಜೆಂಟೀನಾದಿಂದ ಒಂದು ಸಣ್ಣ ಪತಂಗದ ಮೊಟ್ಟೆ ತಂದು, ಸಾಕಿ, ಅದು ಬೇರೆ ಬೆಳೆ ಮುಟ್ಟುವುದಿಲ್ಲ ಎಂದು ಪರೀಕ್ಷೆ ಮಾಡಿ, ಮರುವರ್ಷ ಬಿಟ್ಟರು. ಅದರ ಹುಳು ಕಳ್ಳಿಯನ್ನು ಒಳಗಿನಿಂದ ಕೊರೆದು ಕೊಳೆಸುತ್ತದೆ. 1930ರ ದಶಕದ ಆರಂಭದಲ್ಲೇ ಕಳ್ಳಿಕಾಡು ಕುಸಿದುಬಿತ್ತು. ಜನ ಆ ಪತಂಗದ ನೆನಪಿಗೆ ಒಂದು ಸಭಾಂಗಣವನ್ನೇ ಕಟ್ಟಿದರು. ಕ್ವೀನ್ಸ್‌ಲ್ಯಾಂಡ್‌ನ ಬೂನಾರ್ಗದಲ್ಲಿ ಅದು ಈಗಲೂ ಇದೆ. ಹಾಗೆಯೇ ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ನೀರಿನ ಮೇಲೆ ಚಾಪೆಯ ಹಾಗೆ ಹರಡಿದ್ದ ವಾಟರ್ ಹಯಸಿಂತ್ ಕಳೆಗೆ, ಆ ಕಳೆಯನ್ನಷ್ಟೇ ತಿನ್ನುವ ಮೂತಿಹುಳುಗಳನ್ನು 1995ರಿಂದ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳೆ ಬಹಳ ತಗ್ಗಿತು.

ಕಪ್ಪೆ, ಮುಂಗುಸಿ ಏನು ಸಿಕ್ಕಿದರೂ ತಿನ್ನುತ್ತವೆ. ಪತಂಗ, ಮೂತಿಹುಳು ಒಂದೇ ಬಗೆಯ ಗಿಡಕ್ಕೆ ಅಂಟಿಕೊಂಡವು. ಅದಕ್ಕೇ ಇವು ಗೆದ್ದವು. ಆದರೂ ಹುಷಾರು. ಇದೇ ಪತಂಗವನ್ನು 1957ರಲ್ಲಿ ಕೆರಿಬಿಯನ್‌ನ ನೆವಿಸ್ ದ್ವೀಪದಲ್ಲಿ ಬಿಟ್ಟರು. 1989ರಲ್ಲಿ ಅದು ಫ್ಲೋರಿಡಾದಲ್ಲಿ ಕಂಡಿತು. ಅಲ್ಲಿ ಕಳ್ಳಿಯೇ ಮೂಲನಿವಾಸಿ, ಈಗ ಪತಂಗದಿಂದ ಅದಕ್ಕೇ ಅಪಾಯ. ಒಂದು ಕಡೆ ಸಭಾಂಗಣ ಕಟ್ಟಿಸಿಕೊಂಡ ಜೀವಿ ಇನ್ನೊಂದು ಕಡೆ ಪಿಡುಗು. ನೀವು ಹೊಲಕ್ಕೆ ಯಾರೋ ಕೊಟ್ಟ ಹೊಸ ಹುಳ, ಹೊಸ ಮೀನು, ಬಸವನಹುಳು ಬಿಡುವ ಮೊದಲು ಕೃಷಿ ಇಲಾಖೆಯವರನ್ನು ಕೇಳಿಯೇ ಬಿಡಿ.

ಪ್ರಶ್ನೆ: ಟೀಚರ್, ನನ್ನ ಹತ್ರ ಕೆಂಪು ಕಿವಿಯ ಆಮೆ ಇದೆ. ತಂದಾಗ ನಾಣ್ಯದಷ್ಟಿತ್ತು. ಈಗ ತಟ್ಟೆಯಷ್ಟಾಗಿದೆ. ಕೆರೆಗೆ ಬಿಟ್ಟರೆ ಅದು ಆರಾಮಾಗಿರುತ್ತೆ ಅಂತ ಅಪ್ಪ ಹೇಳ್ತಾರೆ. ಬಿಡಲಾ? – ಎಂಟನೇ ತರಗತಿ

ಉತ್ತರ: ಬೇಡ ಪುಟ್ಟಾ. ಅಪ್ಪ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಪ್ರಪಂಚದ ಎಷ್ಟೋ ಕೆರೆಗಳಿಗೆ ಈ ಆಮೆ ಬಂದದ್ದು ಹೀಗೆ ಒಳ್ಳೆ ಮನಸ್ಸಿನವರು ಬಿಟ್ಟೇ. ಅದು ಅಲ್ಲಿಯ ಆಮೆಗಳು ಬಿಸಿಲು ಕಾಯುವ ಕಲ್ಲು, ಮರದ ದಿಮ್ಮಿಯನ್ನು ಆಕ್ರಮಿಸಿಕೊಳ್ಳುತ್ತದೆ, ಊಟಕ್ಕೂ ಪೈಪೋಟಿ ಮಾಡುತ್ತದೆ, ರೋಗವನ್ನೂ ಹರಡಬಹುದು. ಅಟ್ಲಾಂಟಿಕ್ ಸಾಗರದಲ್ಲಿ ಲಯನ್‌ಫಿಶ್ ಎಂಬ ಮುಳ್ಳಿನ ಮೀನು ಮೊದಲು ಕಂಡದ್ದು 1985ರಲ್ಲಿ, ಫ್ಲೋರಿಡಾದ ಹತ್ತಿರ. ಅಕ್ವೇರಿಯಂನಿಂದ ಸಮುದ್ರ ಸೇರಿದ್ದಿರಬೇಕು ಎನ್ನುತ್ತಾರೆ. ಈಗ ಹವಳದ ದಿಬ್ಬಗಳ ಮರಿಮೀನುಗಳನ್ನು ತಿಂದು ಖಾಲಿ ಮಾಡುತ್ತಿದೆ.

ನಿನ್ನ ಆಮೆ ಇಪ್ಪತ್ತು, ಮೂವತ್ತು ವರ್ಷ ಬದುಕಬಹುದು. ಅದಕ್ಕೆ ದೊಡ್ಡ ತೊಟ್ಟಿ ಬೇಕು, ಒಣಗಿ ಕೂರಲು ಒಂದು ಕಲ್ಲು ಬೇಕು, ಬಿಸಿಲು ಬೇಕು. ಮನೆಯಲ್ಲಿ ಆಗುವುದೇ ಇಲ್ಲ ಅಂದರೆ ಪಶುವೈದ್ಯರ ಹತ್ತಿರ ಅಪ್ಪನನ್ನು ಕರೆದುಕೊಂಡು ಹೋಗಿ, ಸಾಕಬಲ್ಲವರು ಯಾರಿದ್ದಾರೆ ಅಂತ ಕೇಳು. ತೊಟ್ಟಿಯ ಗಿಡಗಳನ್ನೂ ಚರಂಡಿಗೆ ಎಸೆಯಬೇಡ, ಒಣಗಿಸಿ ಕಸಕ್ಕೆ ಹಾಕು. ಪತ್ರ ಬರೆದು ಕೇಳಿದೆಯಲ್ಲ, ಕೇಳದೆ ಬಿಟ್ಟುಬಿಡಬಹುದಿತ್ತು. ನನಗೆ ತುಂಬಾ ಖುಷಿಯಾಯಿತು.

ಪ್ರಶ್ನೆ: ನಾವು ಹನ್ನೆರಡು ಗೆಳೆಯರು ಸೇರಿ ಬೇಸಿಗೆಯಲ್ಲಿ ಎರಡು ಎಕರೆ ಲಂಟಾನ ಕಡಿದು ಸುಟ್ಟೆವು. ಮಳೆ ಬಂದ ಮೇಲೆ ಮೊದಲಿಗಿಂತ ದಟ್ಟವಾಗಿ ಬಂದಿದೆ. ಅರ್ಧ ಜನ ಕೈಬಿಟ್ಟರು. ಇದಕ್ಕೆ ಅಂತ್ಯ ಇದೆಯಾ? – ಸ್ವಯಂಸೇವಕ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಮೊದಲ ವರ್ಷ ನಡೆದದ್ದೂ ಇದೇ. ಮಚ್ಚಿನಿಂದ ಮೊಣಕಾಲಿನ ಎತ್ತರಕ್ಕೆ ಕಡಿದಿದ್ದೆವು. ಕೈ ತುಂಬ ಗೀರು. ಮಳೆಯಾಗಿ ಮೂರನೇ ವಾರ ಹೋಗಿ ನೋಡಿದರೆ ಒಂದೊಂದು ಬುಡದಿಂದ ಏಳೆಂಟು ಚಿಗುರು. ಒಬ್ಬ ಗೆಳತಿ ಅಲ್ಲೇ ಕೂತು ಅತ್ತುಬಿಟ್ಟಳು.

ಲಂಟಾನದ ಕಾಂಡ ಮತ್ತು ಬೇರು ಸೇರುವ ಗಂಟಿನಲ್ಲಿ ಚಿಗುರುವ ಮೊಗ್ಗುಗಳಿರುತ್ತವೆ. ಅದರ ಮೇಲೆ ಕಡಿದರೆ ಸವರಿದ ಹಾಗೆ, ಸುಟ್ಟರೂ ಅದು ಮಣ್ಣಿನೊಳಗೆ ಬದುಕಿರುತ್ತದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಒಂದು ವಿಧಾನವನ್ನು ಆಮೇಲೆ ನಾವು ಕಲಿತೆವು. ಗುದ್ದಲಿಯಿಂದ ಬುಡದ ಮಣ್ಣು ಸ್ವಲ್ಪ ಸರಿಸಿ, ತಾಯಿಬೇರನ್ನು ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಆಕಾಶಕ್ಕೆ. ಮಣ್ಣು ತಾಗದೆ ಅದು ಒಣಗಿ ಸಾಯುತ್ತದೆ. ಇಬ್ಬರು ಜೊತೆಯಾಗಿ ಮಾಡಿ. ಒಬ್ಬರು ಕೊಂಬೆಗಳನ್ನು ಹಗ್ಗದಿಂದ ಒತ್ತಟ್ಟಿಗೆ ಎಳೆದು ಹಿಡಿದರೆ ಇನ್ನೊಬ್ಬರಿಗೆ ಬುಡ ಕಾಣುತ್ತದೆ. ಹಣ್ಣಾಗುವ ಮೊದಲೇ ಮಾಡಿ. ಮಣ್ಣನ್ನು ಜಾಸ್ತಿ ಅಗೆಯಬೇಡಿ, ಅಗೆದಷ್ಟೂ ಮಣ್ಣಲ್ಲಿ ಮಲಗಿದ್ದ ಬೀಜ ಏಳುತ್ತದೆ. ಹಕ್ಕಿಗಳು ಕೂರುವ ಮರದ ಬುಡದಲ್ಲಿ ಸಸಿಗಳು ಗುಂಪಾಗಿ ಬರುತ್ತವೆ, ಮಳೆ ಬಿದ್ದಾಗ ಕೈಯಲ್ಲೇ ಕೀಳಬಹುದು.

ಎರಡನೇ ತಪ್ಪನ್ನೂ ಹೇಳಿಬಿಡುತ್ತೇನೆ, ಅದು ನಿಮ್ಮಿಂದ ಆಗದಿರಲಿ. ಮೂರನೇ ವರ್ಷ ಉತ್ಸಾಹದಲ್ಲಿ ಅರ್ಧ ಎಕರೆಯನ್ನು ಒಂದೇ ಸಲ ಪೂರ್ತಿ ಬೋಳು ಮಾಡಿದೆವು. ಖಾಲಿ ನೆಲಕ್ಕೆ ಆ ಮಳೆಗಾಲದಲ್ಲೇ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಬಂದು ತುಂಬಿಕೊಂಡಿತು. ಜೊತೆಗೆ ಲಂಟಾನದೊಳಗೆ ಗೂಡು ಕಟ್ಟುತ್ತಿದ್ದ ಸಣ್ಣ ಹಕ್ಕಿಗಳು ಎಲ್ಲೂ ಕಾಣಲಿಲ್ಲ. ಅವುಗಳಿಗೆ ಬೇರೆ ಪೊದೆ ಇರಲಿಲ್ಲ. ಆಗ ನಮಗೆ ಅರ್ಥವಾಯಿತು, ತೆಗೆಯುವುದು ಅರ್ಧ ಕೆಲಸ ಮಾತ್ರ.

ದೊಡ್ಡ ಮಟ್ಟದಲ್ಲಿ ಇದೇ ಪಾಠ ಮ್ಯಾಕ್ವಾರಿ ದ್ವೀಪದಲ್ಲಿ ಆಗಿದೆ. ಅಂಟಾರ್ಕ್ಟಿಕದ ದಾರಿಯಲ್ಲಿರುವ ಆಸ್ಟ್ರೇಲಿಯಾದ ದ್ವೀಪ ಅದು. ಅಲ್ಲಿ ಕಡಲಹಕ್ಕಿಗಳನ್ನು ತಿನ್ನುತ್ತಿದ್ದ ಬೆಕ್ಕುಗಳನ್ನು 2000ದ ಹೊತ್ತಿಗೆ ಪೂರ್ತಿ ತೆಗೆದರು. ಅದೇ ಬೆಕ್ಕುಗಳು ಮೊಲಗಳನ್ನೂ ತಿನ್ನುತ್ತಿದ್ದವು. ಮೊಲಗಳಿಗೆ ಹರಡುತ್ತಿದ್ದ ರೋಗವೂ ಆಗ ಕಡಿಮೆಯಾಗಿತ್ತು. ಮೊಲಗಳು ವಿಪರೀತ ಹೆಚ್ಚಿ ಗುಡ್ಡದ ಹುಲ್ಲನ್ನೆಲ್ಲ ತಿಂದು ಮಣ್ಣು ಜಾರುವ ಹಾಗೆ ಮಾಡಿದವು. ಆದರೆ ಅವರು ಕೈಬಿಡಲಿಲ್ಲ. ಮೊಲ, ಇಲಿ, ಹೆಗ್ಗಣ ಮೂರನ್ನೂ ಒಟ್ಟಿಗೆ ಗುರಿ ಮಾಡಿ, ನಾಯಿಗಳನ್ನು ಬಿಟ್ಟು ವರ್ಷಗಟ್ಟಲೆ ಹುಡುಕಿ, 2014ರಲ್ಲಿ ದ್ವೀಪ ಪೂರ್ತಿ ಮುಕ್ತ ಎಂದು ಘೋಷಿಸಿದರು. ಹುಲ್ಲು ಮರಳಿದೆ, ಹಕ್ಕಿಗಳೂ ಮರಳಿವೆ. ದಕ್ಷಿಣ ಜಾರ್ಜಿಯಾ ದ್ವೀಪವೂ 2018ರಲ್ಲಿ ಇಲಿಮುಕ್ತವಾಯಿತು. ಹಾಗಾಗಿ ಅಂತ್ಯ ಇದೆಯಾ ಅಂದರೆ, ಸಮುದ್ರ ಸುತ್ತುವರಿದ ದ್ವೀಪದಲ್ಲಿ ಇದೆ. ಸುತ್ತಲೂ ಲಂಟಾನ ಇರುವ ನೆಲದಲ್ಲಿ ಅಂತ್ಯಕ್ಕಿಂತ ಕಾವಲು ಇದೆ ಅನ್ನಬಹುದು.

ಈಗ ನಾವು ಹೀಗೆ ಮಾಡುತ್ತೇವೆ. ಒಂದು ವರ್ಷಕ್ಕೆ ನಾಲ್ಕು ಗುಂಟೆಗಿಂತ ಜಾಸ್ತಿ ಮುಟ್ಟುವುದಿಲ್ಲ. ಲಂಟಾನ ತೆಳುವಾಗಿರುವ, ನಡುವೆ ಸ್ಥಳೀಯ ಗಿಡಗಳು ಇನ್ನೂ ಉಸಿರಾಡುತ್ತಿರುವ ಅಂಚಿನಿಂದ ಶುರು ಮಾಡುತ್ತೇವೆ, ದಟ್ಟ ಭಾಗ ಕೊನೆಗೆ. ಕಿತ್ತ ಜಾಗಕ್ಕೆ ಅದೇ ಸುತ್ತಮುತ್ತ ಸಂಗ್ರಹಿಸಿಟ್ಟ ಹುಲ್ಲಿನ ಬೀಜವನ್ನು ಮೊದಲ ಮಳೆಗೇ ಚೆಲ್ಲುತ್ತೇವೆ. ಆಮೇಲೆ ಮೂರು ವರ್ಷ, ತಿಂಗಳಿಗೊಮ್ಮೆ ಹೋಗಿ ಲಂಟಾನ ಸಸಿ ಕೀಳುತ್ತೇವೆ. ಹನ್ನೊಂದು ವರ್ಷಕ್ಕೆ ಒಂದು ಎಕರೆ ಅಷ್ಟೇ ಆಗಿದೆ. ಅದರಲ್ಲಿ ಐದನೇ ವರ್ಷ ಹುಲ್ಲು ನಿಂತಿತು, ಏಳನೇ ವರ್ಷ ನಾವು ನೆಡದ ಸಸಿಗಳು ತಾವಾಗಿಯೇ ಬಂದವು.

ನಿಮ್ಮ ಆರು ಜನ ಇನ್ನೂ ಉಳಿದಿದ್ದಾರಲ್ಲ, ಅಷ್ಟು ಸಾಕು. ಚಿಗುರು ಬಂದಿರುವ ಬುಡಗಳನ್ನು ನೆಲ ಒದ್ದೆ ಇರುವಾಗಲೇ ಕೀಳಲು ಶುರು ಮಾಡಿ, ಆಗ ಬೇರು ಸುಲಭವಾಗಿ ಸಿಗುತ್ತದೆ. ಮೊದಲು ನಾಲ್ಕು ಗುಂಟೆ ಗುರುತು ಹಾಕಿಕೊಳ್ಳಿ. ಹುಲ್ಲಿನ ಬೀಜವನ್ನು ಬಲಿತ ಮೇಲೆ ಕೊಯ್ದು ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಿ. ಗುದ್ದಲಿ ಹಿಡಿಯುವ ಪಟ್ಟು ಗೊತ್ತಾಗದಿದ್ದರೆ ಮತ್ತೆ ಬರೆಯಿರಿ, ಚಿತ್ರ ಬಿಡಿಸಿ ಕಳಿಸುತ್ತೇನೆ.